ಧೋತ್ರದ ನೀರಡಿಕೆ

ಸವದತ್ತಿಯ ತ್ರ್ಯಂಬಕಾಚಾರ್ಯರ ಮಡಿಧೋತ್ರ ಬೆಳಿಗ್ಗೆ ಒಣಹಾಕಿದ ಗಳದ ಮೇಲಿಂದ ಜಾರಿತು. ಒಂದು ತುದಿ ಕಟ್ಟೆಯ ಮೇಲಿನ ತಾಮ್ರದ ಕೊಡದೊಳಗೆ ಇಳಿಯಿತು. ಇನ್ನೊಂದು ತುದಿ ಬಚ್ಚಲ ಮೋರಿಯ ಮೇಲೆ ಜೋತುಬಿತ್ತು. ಯಾರೂ ನೋಡಲಿಲ್ಲ.

ಅಂದು ಅವರ ತಾಯಿಯ ಶ್ರಾದ್ಧ. ಮಧ್ಯಾಹ್ನ ಪುರೋಹಿತರು ಬರುವವರು. ನಳದ ನೀರು ಬರುವುದು ಎಂಟು ದಿನಕ್ಕೊಮ್ಮೆ. ಮಡಿಯಲ್ಲಿ ತುಂಬಿಟ್ಟದ್ದು ಅದೊಂದೇ ಕೊಡ. ಅಡಿಗೆಗೂ ಅದೇ, ಅವ್ವನಿಗೆ ಬಿಡುವ ಎಳ್ಳುನೀರಿಗೂ ಅದೇ. ಆ ತಾಯಿ ಬದುಕಿದ್ದಾಗ ಬಾಗಿಲಿಗೆ ಬಂದವರಿಗೆಲ್ಲ ಕುಲ ಕೇಳದೆ ನೀರು ಕೊಟ್ಟವಳು. ಮಗ ಮಾತ್ರ ನೀರಿನದೇ ಗೋತ್ರ ಕೇಳುವವರು.

ಹತ್ತು ಗಂಟೆಗೆ ಇಣುಕಿದರೆ ಕೊಡ ಅರ್ಧ ಖಾಲಿ! ಅದರ ಬಾಯಿಂದ ನೇತಾಡುತ್ತಿದ್ದ ಧೋತ್ರ ಆಚಾರ್ಯರಿಗೆ ಕಾಣಲಿಲ್ಲ. ಸಿಟ್ಟಿನವರಿಗೆ ಕಳ್ಳರು ಬೇಗ ಕಾಣುತ್ತಾರೆ, ಕಾರಣ ತಡವಾಗಿ. ಅಂಗಳಕ್ಕೆ ಹಾರಿ ನೆರೆಮನೆಯ ನಿಂಗರಾಜನ ರಟ್ಟೆ ಹಿಡಿದರು.

"ನನ್ನ ನೀರು ಕದ್ದಿ ಏನಲೇ?"

"ಆಚಾರ್ರ, ನಾ ಈಗ ಎದ್ದೇನಿ. ಮಾರಿ ಸೈತ ತೊಳದಿಲ್ಲ, ನಿಮ್ಮ ನೀರು ತಗೊಂಡು ಏನ್ ಮಾಡ್ಲಿ?"

ಒಳಗಿಂದ ಮಗಳು ಭಾವನಾ ಕೂಗಿದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು.

"ಅಪ್ಪಾ, ಕಳ್ಳ ಇಲ್ಲೇ ಇದ್ದಾನ! ನಿಮ್ಮ ಧೋತ್ರ. ದೀಪದ ಬತ್ತಿ ಎಣ್ಣಿ ಎಳಕೊಳ್ಳೂಹಂಗ ನೂಲಿನ ಎಳಿ ನಡುವಿನ ಸಂದ್ಯಾಗ ನೀರು ತಾನ ಏರ್ತದ, ಆ ಕಡೆ ಇಳದು ಮೋರಿಗೆ ಹೋಗ್ತದ. ತಗದು ಬಿಡ್ಲಾ?"

"ಮುಟ್ಟಬ್ಯಾಡ! ಮೈಲಿಗಿ ಆಗ್ತದ!"

"ಹಂಗಾದ್ರ ನೀವೇ ತಗೀರಿ."

ಒಳಗೆ ಬಂದ ಆಚಾರ್ಯರು ಕೈ ಚಾಚಿ, ಕೆಂಡ ಕಂಡವರಂತೆ ಹಿಂದಕ್ಕೆಳೆದರು. ಮಾರಿ ತೊಳೆಯದ ನಿಂಗರಾಜನನ್ನು ಹಿಡಿದ ಕೈ!

"ಕೋಲಿಂದ ಎತ್ತಲೇನು?" ಭಾವನಾ ಕೇಳಿದಳು.

"ಆ ಕೋಲಿಂದ ನಿನ್ನೆ ನಾಯಿ ಓಡ್ಸೀನಿ."

ಗದ್ದಲ ಕೇಳಿ ನಿಂಗರಾಜನ ತಾಯಿ ಸಿದ್ದಲಿಂಗವ್ವ ಬಂದಳು. "ನಮ್ಮ ಮನಿ ನೀರು ತರತೇನ್ರಿ, ಜಳಕಾ ಮಾಡಿ ತಗೀರಿ."

"ಆ ನೀರಿನಾಗ ಮಡಿ ಆಗೂದಿಲ್ಲವ್ವಾ."

"ಹೌದ್ರಿ, ನಮ್ಮ ನೀರು ಬರೇ ಮೈ ತೊಳೀತೈತಿ."

ಮಡಿಯಾಗದೆ ಧೋತ್ರ ಮುಟ್ಟುವಂತಿಲ್ಲ, ಮಡಿನೀರಿಲ್ಲದೆ ಮಡಿಯಾಗುವಂತಿಲ್ಲ, ಆ ನೀರೋ ಧೋತ್ರದ ಬಾಯಲ್ಲಿ. ಆಚಾರ್ಯರು ಮನಸ್ಸಿನಲ್ಲೇ ಶಾಸ್ತ್ರ ತಡಕಾಡುತ್ತ ನಿಂತರು. ಧೋತ್ರಕ್ಕೆ ಶಾಸ್ತ್ರ ಗೊತ್ತಿರಲಿಲ್ಲ, ಕುಡಿಯುತ್ತಲೇ ಇತ್ತು. ಹನ್ನೊಂದೂವರೆಗೆ ಕೊಡದ ತಳದಲ್ಲಿ ಎರಡು ತಂಬಿಗೆಯಷ್ಟು ನೀರು ಉಳಿಯಿತು.

"ಅಪ್ಪಾ, ಅಷ್ಟಾದ್ರೂ ಉಳೀಲಿ!"

"ಉಳಸ್ತೀನಿ!" ಎಂದವರೇ ಆಚಾರ್ಯರು ಧೋತ್ರ ಸಮೇತ ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಂಡರು. ಮಡಿಯಾದರು. ಕೊರಳಿಗೆ ಬಿದ್ದ ಧೋತ್ರವನ್ನು ಗೆದ್ದವರ ಗತ್ತಿನಿಂದ ಗಳಕ್ಕೆ ಹಾಕಿದರು.

"ಇನ್ನ ಕೊಡದಿಂದ ಒಂದು ಹನಿ ಹೋದ್ರ ಕೇಳು!"

ಬಾಗಿಲಲ್ಲಿ ಪುರೋಹಿತರು ನಿಂತಿದ್ದರು. "ಎಳ್ಳು ನಾ ತಂದೀನಿ. ನೀರು ಎಲ್ಲಿ ಅದ, ಆಚಾರ್ರ?"

ಅವ್ವನಿಗೆಂದು ತುಂಬಿಟ್ಟ ನೀರಿನಲ್ಲಿ ಉಳಿದದ್ದು, ಮಗನ ಜುಟ್ಟಿನಿಂದ ತೊಟ್ಟಿಕ್ಕುತ್ತಿದ್ದಷ್ಟೇ.