ಗಾಂಜಾದ ಮಣ್ಣಿನಲ್ಲಿ ಬಿಲ್ವಪತ್ರೆ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ಮನೆಯ ಬಿಲ್ವಪತ್ರೆಯ ಕುಂಡಕ್ಕೆ ನಾನು ಎಲುಬಿನ ಪುಡಿ ಹಾಕಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಕಿರಲಿಕ್ಕಿಲ್ಲ ಎಂದು ಬೆಳಿಗ್ಗೆ ಅನ್ನಿಸುತ್ತದೆ; ಮಧ್ಯಾಹ್ನ ಊಟದ ಹೊತ್ತಿಗೆ ಹಾಕಿರಲೂಬಹುದು ಅನ್ನಿಸತೊಡಗುತ್ತದೆ. ಧಾರವಾಡದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಓದುವಾಗ ಪುರಾವೆಯಿಲ್ಲದೆ ಯಾರ ಮಾತನ್ನೂ ಒಪ್ಪಬೇಡಿ ಎಂದು ನಮ್ಮ ಸರ್ ಕಲಿಸಿದರು. ಆ ಪಾಠವನ್ನು ಎಷ್ಟು ಶ್ರದ್ಧೆಯಿಂದ ಕಲಿತೆನೆಂದರೆ ಈಗ ನನ್ನ ಮಾತನ್ನೇ ನಾನು ಒಪ್ಪುವುದಿಲ್ಲ. ಮನೆಗೆ ಬೀಗ ಹಾಕಿ ಮೂರು ಮಹಡಿ ಇಳಿದು, ಮತ್ತೆ ಮೂರು ಮಹಡಿ ಹತ್ತಿ ಬೀಗ ಜಗ್ಗಿ ನೋಡುವವನು ನಾನು. ಒಮ್ಮೆ ಹಾಗೆ ಜಗ್ಗುತ್ತಿದ್ದಾಗ ಎದುರು ಮನೆಯ ಅಜ್ಜಿ ಕಳ್ಳನೆಂದು ತಿಳಿದು ವಾಚ್‌ಮನ್ನನನ್ನು ಕರೆದರು. ಹನ್ನೊಂದು ವರ್ಷದಿಂದ ಅವರ ಎದುರಿಗೇ ಇದ್ದೇನೆ. ನೆನಪು ಕೈಕೊಡುವುದು ನನಗೊಬ್ಬನಿಗೇ ಅಲ್ಲ ಎಂದು ಆ ದಿನ ಸ್ವಲ್ಪ ಹಾಯೆನಿಸಿತು.

ಬಿಲ್ವದ ಗಿಡ ನಮ್ಮ ದೊಡ್ಡವ್ವನದು. ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಮಕ್ಕಳಿಲ್ಲ. ವಿಜಯಪುರದ ಕಡೆಯ ಹಳ್ಳಿಯಲ್ಲಿ ಮೈದುನನ ಸಂಸಾರದೊಂದಿಗಿದ್ದವಳು, ಮೊಣಕಾಲು ಸೋತ ಮೇಲೆ ಆಸ್ಪತ್ರೆಗೆ ಅನುಕೂಲವೆಂದು ನಾಲ್ಕು ವರ್ಷದ ಹಿಂದೆ ಮರಾಠಿ ಸೀಮೆಯ ಬಿಬವೇವಾಡಿಯ ನಮ್ಮ ಮನೆಗೆ ಬಂದಳು. ಊರಲ್ಲಿ ಬಿಟ್ಟುಬಂದ ಯಾವುದನ್ನೂ ಆಕೆ ಹೆಸರೆತ್ತಿ ಹಂಬಲಿಸಿದ್ದಿಲ್ಲ, ಪತ್ರೆಯೊಂದನ್ನು ಬಿಟ್ಟು. ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯ ಮೇಲೆ ಇಷ್ಟಲಿಂಗ ಇಟ್ಟುಕೊಂಡು, ಅದಕ್ಕೆ ಹಸಿ ಪತ್ರೆ ಏರಿಸುವವರೆಗೆ ಒಂದು ಗುಟುಕು ಚಹಾ ಕುಡಿಯುವವಳಲ್ಲ. ಇಲ್ಲಿಯ ಮಾರ್ಕೆಟ್ಟಿನಲ್ಲಿ ಸಿಗುವ ಪತ್ರೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ. ಆಕೆ ಅದನ್ನು ನೀರಿಗೆ ಹಾಕಿ, ಇದ್ದುದರಲ್ಲಿ ಮೆತ್ತಗಿದ್ದುದನ್ನು ಆರಿಸಿ, ತಪ್ಪಾಯಿತೆಂದು ಲಿಂಗಕ್ಕೆ ಹೇಳಿ ಏರಿಸುತ್ತಿದ್ದಳು. ನನಗೆ ದೇವರಿದ್ದಾನೋ ಇಲ್ಲವೋ ಗೊತ್ತಿಲ್ಲ, ಆದರೆ ಇಲ್ಲದಿರಬಹುದಾದವನ ಮುಂದೆ ದೊಡ್ಡವ್ವ ದಿನಾ ಕ್ಷಮೆ ಕೇಳುವುದನ್ನು ನೋಡುವುದು ಕಷ್ಟವಾಗುತ್ತಿತ್ತು. ಹಾಗಾಗಿ ಒಂದು ಬಿಲ್ವದ ಸಸಿ ತಂದು, ಇಲ್ಲಿಯವರು ಗ್ಯಾಲರಿ ಎನ್ನುವ ಬಾಲ್ಕನಿಯ ಕುಂಡದಲ್ಲಿಟ್ಟೆ. ಅದು ಎರಡು ವರ್ಷ ಬೆಳೆಯಲೂ ಇಲ್ಲ, ಸಾಯಲೂ ಇಲ್ಲ.

ನನ್ನ ನೌಕರಿ ಕುರಕುಂಭದ ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ. ಕಂಪನಿಯ ಬಸ್ಸು ಬೆಳಿಗ್ಗೆ ಆರಕ್ಕೇ ಬರುತ್ತದೆ. ವಾರಕ್ಕೊಮ್ಮೆ ಗಿಡಕ್ಕೆ ಗೊಬ್ಬರ ಹಾಕಲು ನನಗೆ ನೆನಪೂ ಇರುವುದಿಲ್ಲ, ಪುರುಸೊತ್ತೂ ಇರುವುದಿಲ್ಲ. ಒಮ್ಮೆ ಕಲಸಿಟ್ಟರೆ ನಾಲ್ಕಾರು ತಿಂಗಳು ತಾನೇ ನಿಧಾನವಾಗಿ ಗಿಡಕ್ಕೆ ಉಣಿಸುತ್ತ ಹೋಗುವ ಮಣ್ಣು ಇದೆಯೇ ಎಂದು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಇತ್ತು. ಬರೆದವನು ಯಾವುದೋ ಹೊರದೇಶದವನು, ಕುಂಡದಲ್ಲಿ ಗಾಂಜಾ ಬೆಳೆಯುವವನು. ಅಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲವಂತೆ. ಗುಲಾಬಿಯ ಬಗ್ಗೆ ಬರೆಯುವವರು ಎರಡನೇ ಸಾಲಿಗೇ ಕವಿಗಳಾಗುತ್ತಾರೆ. ಇವನು ಮಾತ್ರ ಯಾವುದು ಎಷ್ಟು ಚಮಚ, ಯಾವುದು ಎಷ್ಟು ದಿನಕ್ಕೆ ಕರಗುತ್ತದೆ ಎಂದು ನಮ್ಮ ಲ್ಯಾಬಿನವರಿಗಿಂತ ಚೊಕ್ಕಟವಾಗಿ ಬರೆದಿದ್ದ. ನಮ್ಮಲ್ಲಿ ಗಾಂಜಾ ಬೆಳೆದರೆ ಜೈಲು. ಆದರೆ ತನ್ನಲ್ಲಿ ಏನು ಬೆಳೆಯಲಿದೆ ಎಂಬುದು ಮಣ್ಣಿಗೇನು ಗೊತ್ತು? ಅಲ್ಲದೆ ಅದೂ ಶಿವನಿಗೆ ಬೇಕಾದ ಸೊಪ್ಪು, ಇದೂ ಶಿವನಿಗೆ ಬೇಕಾದ ಸೊಪ್ಪು ಎಂದು ನನಗೆ ನಾನೇ ಒಂದು ಶಾಸ್ತ್ರಾಧಾರವನ್ನೂ ಒದಗಿಸಿಕೊಂಡೆ. ಅಂದಿನಿಂದ ನನ್ನ ಮೊಬೈಲು ತನ್ನಷ್ಟಕ್ಕೆ ನೇರಳೆ ದೀಪಗಳ, ಗಿಡ ಮುಚ್ಚಿಡುವ ಡೇರೆಗಳ ಜಾಹೀರಾತು ತೋರಿಸತೊಡಗಿತು. ನನ್ನ ಹೆಂಡತಿ ಶೈಲಾ ಅದನ್ನು ನೋಡಿ ಕೇಳಿದಳು: "ರಿಟೈರ್ ಆದಮ್ಯಾಲೆ ಇದs ಧಂಧೆ ಮಾಡಾವ್ರೇನ್ರಿ?"

ಆ ಪಟ್ಟಿಯನ್ನು ಓದಿದರೆ ಸಮುದ್ರದಂಡೆಯ ಹೋಟೆಲ್ಲಿನ ಮೆನು ಓದಿದಂತಿತ್ತು. ಮೀನಿನ ಪುಡಿ, ಸಿಗಡಿಯ ಪುಡಿ, ಏಡಿಯ ಚಿಪ್ಪು, ಒಣಗಿಸಿದ ರಕ್ತ, ಎಲುಬು, ಬಾವಲಿಯ ಹಿಕ್ಕೆ. ಈರುಳ್ಳಿ ಬೆಳ್ಳುಳ್ಳಿಗೇ ನಮ್ಮ ಸಾಹಸ ಮುಗಿಯುವ ಲಿಂಗಾಯತರ ಮನೆ ನಮ್ಮದು. ಒಂದೊಂದಾಗಿ ಹೊಡೆದುಹಾಕಿ, ಅದರ ಜಾಗಕ್ಕೆ ಬೇವಿನ ಹಿಂಡಿ, ಸಾಸಿವೆ ಹಿಂಡಿ, ಸುಣ್ಣದ ಪುಡಿ ಬರೆದುಕೊಂಡೆ. ಬುಡಕ್ಕೆ ತೆಂಗಿನ ನಾರಿನ ಕೋಕೋಪೀಟು, ಎರೆಗೊಬ್ಬರ, ನೀರು ಬಸಿಯಲೆಂದು ಪರ್ಲೈಟಿನ ಬಿಳಿ ಹರಳು. ಎಲುಬಿನ ಪುಡಿ ಬೇಡವೆಂದೇ ನಿಶ್ಚಯಿಸಿದ್ದೆ. ಆದರೆ ನರ್ಸರಿಯವನು ಕಾಕಾ ಕಾಕಾ ಎನ್ನುತ್ತ, ಗುಲಾಬಿಗೆ ಇದಿಲ್ಲದಿದ್ದರೆ ಹೂವೇ ಇಲ್ಲ ಎಂದು ಒಂದು ಪೊಟ್ಟಣ ಕೈಗಿಟ್ಟ. ಶೈಲಾಳ ಐದು ಗುಲಾಬಿ ಕುಂಡಗಳಿದ್ದವು. ಸರಿ, ಗುಲಾಬಿಗೆ ಎಲುಬಿನ ಪುಡಿಯ ಮಣ್ಣು, ಬಿಲ್ವಕ್ಕೆ ಅದರ ಬದಲು ಕಲ್ಲಿನ ರಂಜಕದ, ಅಂದರೆ ರಾಕ್ ಫಾಸ್ಫೇಟಿನ, ಪುಡಿ ಹಾಕಿದ ಶುದ್ಧ ಶಾಕಾಹಾರಿ ಮಣ್ಣು, ಹೀಗೆ ಎರಡು ಬಗೆ ಕಲಸುವುದೆಂದು ತೀರ್ಮಾನಿಸಿದೆ.

ಇಲ್ಲಿ ನಾನು ಮಾಡಿದ್ದನ್ನು ಓದದವನು ಮಾಡುತ್ತಿರಲಿಲ್ಲ. ಗುಣಮಟ್ಟ ವಿಭಾಗದಲ್ಲಿ ನಮಗೊಂದು ಪದ್ಧತಿಯಿದೆ. ಪರೀಕ್ಷೆ ಮಾಡುವವನಿಗೆ ಯಾವ ಮಾದರಿ ಎಲ್ಲಿಂದ ಬಂತೆಂದು ತಿಳಿಯಬಾರದು. ತಿಳಿದರೆ ಮನಸ್ಸು ಒಂದು ಕಡೆ ವಾಲುತ್ತದೆ. ಅದಕ್ಕೆ ಬಾಟಲಿಯ ಮೇಲೆ ಬರೀ ನಂಬರು ಹಾಕಿ, ಆ ನಂಬರಿನ ಗುಟ್ಟನ್ನು ಬೇರೆ ಕಡೆ ಬರೆದಿಡುತ್ತೇವೆ. ಇಪ್ಪತ್ತೆಂಟು ವರ್ಷದ ಅಭ್ಯಾಸ. ಒಂದೇ ಅಂಗಡಿಯ, ಒಂದೇ ಅಳತೆಯ, ಒಂದೇ ನೀಲಿ ಬಣ್ಣದ ಎರಡು ಪ್ಲಾಸ್ಟಿಕ್ ಬುಟ್ಟಿ ತಂದು, ಒಂದರ ಮೇಲೆ 1, ಇನ್ನೊಂದರ ಮೇಲೆ 2 ಎಂದು ಬರೆದೆ. ಯಾವುದರಲ್ಲಿ ಏನಿದೆ ಎಂಬುದನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದೆ. ಅದು ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಹರಿಯುವ ಕೆಲಸ ದೊಡ್ಡವ್ವನದು. ಮರುದಿನ ಪೂಜೆ ಮುಗಿಸಿ ಆಕೆ ತನ್ನ ಕೆಲಸ ತಾನು ಮಾಡಿದಳು.

ಗೊತ್ತಾಗಿದ್ದು ತಿಂಗಳ ಮೇಲೆ. ಏಕೆಂದರೆ ಈ ಮಣ್ಣನ್ನು ಕಲಸಿದ ಕೂಡಲೇ ಬಳಸುವಂತಿಲ್ಲ. ತುಸು ನೀರು ಚಿಮುಕಿಸಿ, ಮುಚ್ಚಿ, ಒಂದು ತಿಂಗಳು ಬಿಡಬೇಕು. ಹಿಂಡಿ ಕೊಳೆತು, ಬಿಸಿಯಾಗಿ, ತಣ್ಣಗಾಗಿ, ಮಣ್ಣಿನೊಳಗೆ ಒಂದಾಗಬೇಕು. ಆ ತಿಂಗಳಲ್ಲಿ ಮಣ್ಣು ಪಕ್ವವಾಯಿತು, ನನ್ನ ನೆನಪು ಕೊಳೆಯಿತು. ಬುಟ್ಟಿಗಳ ಮುಚ್ಚಳ ತೆಗೆದು ನೋಡಿದೆ. ಎರಡೂ ಕಪ್ಪು, ಎರಡಕ್ಕೂ ಒಂದೇ ವಾಸನೆ. ಎಲುಬಿಲ್ಲದ್ದನ್ನೇ ಮೊದಲು ಕಲಸಿರಬೇಕು, ಆದ್ದರಿಂದ ಅದೇ ಒಂದನೆಯದು, ಎಂದು ಭಾಳ ವಿಶ್ವಾಸದಿಂದ ಒಂದನೆಯದನ್ನು ಬಿಲ್ವಕ್ಕೂ ಎರಡನೆಯದನ್ನು ಗುಲಾಬಿಗೂ ತುಂಬಿದೆ. ವಿಶ್ವಾಸ ಬೇರೆ, ನೆನಪು ಬೇರೆ ಎಂಬ ಪಾಠವನ್ನು ಇತರರಿಗೆ ನಾನು ಆಗಾಗ ಹೇಳುವುದುಂಟು.

ಬಿಲ್ವ ಚಿಗುರಿತು ನೋಡಿ! ಎರಡು ವರ್ಷ ಮೌನ ಹಿಡಿದ ಗಿಡ ಎರಡು ತಿಂಗಳಲ್ಲಿ ಗ್ಯಾಲರಿಯ ಕಂಬಿಯಾಚೆ ತಲೆ ಹಾಕಿತು. ಎಣ್ಣೆ ಸವರಿದಂಥ ತಿಳಿಹಸಿರು ಪತ್ರೆ. ದೊಡ್ಡವ್ವ ಮಾರ್ಕೆಟ್ಟಿನ ಪತ್ರೆ ಬಿಟ್ಟಳು. ಕೀಳುವಾಗ ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಇದು ನೋಡು, ಅದು ನೋಡು ಎಂದು ತೋರಿಸುತ್ತಿದ್ದಳು. ಎದುರು ಮನೆಯ ಅಜ್ಜಿಗೂ ನಾಲ್ಕು ಎಲೆ ಕೊಟ್ಟು, ತನ್ನ ಅರೆಮರಾಠಿಯಲ್ಲಿ ನಮ್ಮ ಹುಡುಗ ಬೆಳೆಸಿದ್ದು ಎಂದು ಹೇಳಿಬಂದಳು. ಹುಡುಗನಿಗೆ ಐವತ್ನಾಲ್ಕು ದಾಟಿದೆ. ಇತ್ತ ಗುಲಾಬಿಗಳು ಹೆಸರಿಗೊಂದು ಮೊಗ್ಗು ಬಿಟ್ಟು ಸುಮ್ಮನೆ ನಿಂತಿದ್ದವು. ಒಂದು ಸಂಜೆ ಶೈಲಾ ಎರಡನ್ನೂ ನೋಡುತ್ತ ನಿಂತವಳು, ಧ್ವನಿ ತಗ್ಗಿಸಿ, "ರೀ, ಆ ಎಲುಬಿನ ಪುಡಿ ಹಾಕಿದ್ದು ಗುಲಾಬಿಗೇ ಹೌದಲ್ಲರೀ?" ಎಂದಳು.

ಹೌದು ಎಂದೆ. ಎಂದ ಮೇಲೆ ಮಣ್ಣು ಕಲಸಿದ ದಿನವನ್ನು ಮೊದಲಿಂದ ನೆನೆಯತೊಡಗಿದೆ. ಅವತ್ತು ಕೈಸಲಿಕೆಯನ್ನು ನಡುವೆ ತೊಳೆದ ನೆನಪಿದೆ. ತೊಳೆದಿದ್ದರೆ ಎಲುಬಿನದನ್ನೇ ಮೊದಲು ಕಲಸಿರಬೇಕು, ಇಲ್ಲದಿದ್ದರೆ ತೊಳೆಯುವುದೇಕೆ? ಆದರೆ ನಾನು ಯಾವಾಗಲೂ ಎಲ್ಲವನ್ನೂ ತೊಳೆಯುವವನಾದ್ದರಿಂದ ತೊಳೆದದ್ದು ಏನನ್ನೂ ಸಾಬೀತುಮಾಡುವುದಿಲ್ಲ. ಲ್ಯಾಬಿನಲ್ಲಿ ಪರೀಕ್ಷಿಸೋಣವೆಂದರೆ ಎರಡು ಮಣ್ಣಿಗೂ ಸುಣ್ಣ ಹಾಕಿದ್ದೇನೆ, ಎರಡರಲ್ಲೂ ರಂಜಕವಿದೆ, ಒಂದರಲ್ಲಿ ಕಲ್ಲಿನದು, ಇನ್ನೊಂದರಲ್ಲಿ ಎಲುಬಿನದು. ನಮ್ಮಲ್ಲಿರುವ ಪರೀಕ್ಷೆಗೆ ಕಲ್ಲೂ ಒಂದೇ, ಎಲುಬೂ ಒಂದೇ. ಭೂತಗನ್ನಡಿ ಹಿಡಿದು ಬಿಲ್ವದ ಬುಡದಲ್ಲಿ ಬಿಳಿ ಚೂರು ಹುಡುಕಿದೆ. ಕೈತುಂಬ ಸಿಕ್ಕವು, ಎಲ್ಲವೂ ಪರ್ಲೈಟು. ಎಲ್ಲವೂ ಎಂದರೆ, ಬಹುಶಃ.

ನಂಬದವನಿಗೆ ಇದೇಕೆ ಇಷ್ಟು ಸಂಕಟ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಎಪ್ಪತ್ತೆಂಟು ವರ್ಷದಲ್ಲಿ ದೊಡ್ಡವ್ವ ತನ್ನದೆಂದು ಹಿಡಿದುಕೊಂಡದ್ದು ಅಂಗೈಯಗಲದ ಆ ಪೂಜೆ ಒಂದೇ. ಅದರೊಳಗೆ ನಾನು ಕೈ ಹಾಕಿ ಕೆಡಿಸಿದ್ದರೆ ಅದಕ್ಕೆ ನನ್ನ ನಾಸ್ತಿಕತೆ ಹೊಣೆಯಾಗುವುದಿಲ್ಲ, ನಾನೇ ಆಗಬೇಕು. ಹೇಳದೆ ಬಿಟ್ಟರೆ ದಿನಾ ಬೆಳಿಗ್ಗೆ ಆಕೆಗೆ ಗೊತ್ತಿಲ್ಲದಂತೆ ಆಕೆಯ ವ್ರತ ಮುರಿಯುತ್ತಿರಬಹುದು. ಹೇಳಿದರೆ, ಏನೂ ಆಗಿರದಿದ್ದರೂ ಆಕೆ ಮತ್ತೆ ಹಪ್ಪಳದಂಥ ಪತ್ರೆಗೆ ಹೋಗುತ್ತಾಳೆ. ಎಂಟು ದಿನ ಗ್ಯಾಲರಿಯ ಕಡೆ ಸುಳಿಯಲಿಲ್ಲ.

ಭಾನುವಾರ ದೊಡ್ಡವ್ವ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಎದುರಿಗೆ ಕೂತು ನಾನೂ ಒಂದು ಕಟ್ಟು ಬಿಡಿಸಿದೆ. ಆಮೇಲೆ ಹೇಳಿದೆ, ಎರಡು ಬುಟ್ಟಿ, ನಂಬರು, ಪೊಟ್ಟಣ, ಎಲ್ಲ. ಕ್ಯಾಲೆಂಡರಿನ ಹಾಳೆಯನ್ನು ಯಾರು ಹರಿದರು ಎಂಬುದನ್ನು ಬಿಟ್ಟೆ. ಗಾಂಜಾದ ವಿಷಯವನ್ನೂ ಬಿಟ್ಟೆ. ಆಕೆ ಕೈ ನಿಲ್ಲಿಸಲಿಲ್ಲ.

"ಎಲುಬು ಅಂದ್ರ ಯಾವುದರದು?"

"ದನದ್ದು ಇರಬೇಕು, ದೊಡ್ಡವ್ವ."

"ಕೊಂದಿದ್ದೊ, ಸತ್ತಿದ್ದೊ?"

ಪೊಟ್ಟಣದ ಮೇಲೆ ಅದನ್ನು ಬರೆದಿರುವುದಿಲ್ಲ ಎಂದೆ. ನಾನು ದಂಟನ್ನೂ ಸೊಪ್ಪಿನೊಂದಿಗೇ ಹಾಕುತ್ತಿದ್ದೆ; ಆಕೆ ಒಂದೊಂದಾಗಿ ಹೆಕ್ಕಿ ತೆಗೆಯುತ್ತಿದ್ದಳು.

"ನಮ್ಮ ಹೊಲದಾಗಿನ ಪತ್ರಿ ಗಿಡದ ಬುಡಕ್ಕ ಏನದ ನೆನಪದೇನ ನಿನಗ? ಬಸ್ಯಾ ಅದಾನ. ನಮ್ಮ ಬಿಳಿ ಎತ್ತು. ಮುದುಕ ಆಗಿ ಬಿದ್ದಾಗ ಕೊಡ್ರಿ ಅಂತ ಜನಾ ಬಂದ್ರು. ನಿಮ್ಮ ದೊಡ್ಡಪ್ಪ ಕೊಡಲಿಲ್ಲ. ಕುಣಿ ತೋಡಿ, ಉಪ್ಪು ಹಾಕಿ, ಮನಷಾಗ ಮಾಡಿಧಾಂಗ ಮಾಡಿದ್ರು. ಮರುವರ್ಷ ಗಿಡ ಹ್ಯಾಂಗ ಚಿಗತಿತ್ತಂದಿ. ಅದs ಪತ್ರಿ ಏರಿಸಿ ಏರಿಸಿ ಇಷ್ಟು ದಿನ ಬಂದೀನಿ ತಮ್ಮಾ. ಲಿಂಗಪ್ಪ ಒಂದಿನಾನೂ ಬ್ಯಾಡ ಅಂದಿಲ್ಲ."

ಹಾಗಾದರೆ ಇದನ್ನೂ ಏರಿಸುತ್ತೀಯಾ ಎಂದು ಕೇಳಿದೆ.

"ಏರಸ್ತೀನಿ. ಆದ್ರ ಎಂಟು ದಿನ ಮಾರಿ ತಪ್ಪಿಸಿ ಅಡ್ಡಾಡಿದೆಲ್ಲ, ಅದು ನನಗ ಸೇರಲಿಲ್ಲ. ಎರಡು ಬುಟ್ಟಿಗೆ ನೆಟ್ಟಗ ಹೆಸರು ಬರೀಲಿಕ್ಕೆ ಬರಾಣಿಲ್ಲ, ಫ್ಯಾಕ್ಟರ್ಯಾಗ ನಿನಗ ಪಗಾರ ಯಾಕ ಕೊಡ್ತಾರೊ?"

ಮರುದಿನದಿಂದ ಆಕೆ ಗಿಡದಿಂದ ಕಿತ್ತ ಮೊದಲ ಪತ್ರೆಯನ್ನು ಕುಂಡದ ಮಣ್ಣಿನ ಮೇಲೇ ಇಡುತ್ತಾಳೆ; ಒಳಗೆ ಯಾವ ದನವಿದೆಯೋ, ಇಲ್ಲವೋ, ಅದಕ್ಕೆ. ಉಳಿದದ್ದು ಲಿಂಗಕ್ಕೆ. ಮನೆಯಲ್ಲಿ ಎಲ್ಲರಿಗೂ ನಿರಾಳ, ನನ್ನೊಬ್ಬನನ್ನು ಬಿಟ್ಟು. ಏಕೆಂದರೆ ನನಗೆ ಹೊಸ ಸಂಶಯ ಹುಟ್ಟಿತ್ತು. ಆ ಎತ್ತಿನ ಕಥೆ ನಿಜವೇ, ಅಥವಾ ನನ್ನ ಮುಖ ನೋಡಿ, ಪಾಪ ಎಂದು ಸೊಪ್ಪು ಬಿಡಿಸುತ್ತಲೇ ಕಟ್ಟಿದ್ದೇ? ಹುಡುಗನಾಗಿದ್ದಾಗ ರಜೆಯಲ್ಲೆಲ್ಲ ಆ ಊರಿಗೆ ಹೋಗುತ್ತಿದ್ದವನು ನಾನು. ಆ ಗಿಡ ಗೊತ್ತು, ಬಸ್ಯಾನೂ ಗೊತ್ತು. ಹೂತದ್ದನ್ನು ಮಾತ್ರ ಯಾರ ಬಾಯಿಂದಲೂ ಕೇಳಿದ್ದಿಲ್ಲ. ಆಕೆಯ ಮೈದುನನ ಮಗ ಶಿವಪ್ಪ ಈಗಲೂ ಅದೇ ಹೊಲ ಮಾಡುತ್ತಾನೆ. ಅವನಿಗೆ ಫೋನು ಮಾಡಿ, ಕ್ಷೇಮಸಮಾಚಾರ ಮುಗಿಸಿ, ಏನೂ ಹಿನ್ನೆಲೆ ಕೊಡದೆ ಕೇಳಿದೆ. ಹೌದು, ಪತ್ರಿ ಗಿಡದ ಬುಡಕ್ಕೇ ಎಂದ. ನಗುತ್ತ, "ಏ ಹುಚ್ಚಾ, ನನ್ನ ಯಾಕ ಕೇಳ್ತಿ? ಉಪ್ಪಿನ ಚೀಲ ಹಿಡಕೊಂಡು ಕುಣಿ ದಂಡಿ ಮ್ಯಾಲೆ ನಿಂತು ಮೊದಲ ಹಿಡಿ ಉಪ್ಪು ಹಾಕಿದಾಂವ ನೀನs ಅಲ್ಲೇನು?" ಎಂದ.

ಒಬ್ಬನ ಸಾಕ್ಷಿ ಸಾಲದೆಂದು ಸೊಲ್ಲಾಪುರದಲ್ಲಿರುವ ನನ್ನ ಅಕ್ಕನಿಗೂ ಫೋನು ಮಾಡಿದೆ. ಶಿವಪ್ಪ ಹೇಳಿದ್ದನ್ನು ಆಕೆಗೆ ಹೇಳಲಿಲ್ಲ. ಬಸ್ಯಾನ ಹೆಸರೆತ್ತಿದ ಕೂಡಲೇ ಆಕೆ ಹೇಳಿದಳು: ನನಗಾಗ ಒಂಬತ್ತು ವರ್ಷ, ಮೊದಲ ಹಿಡಿ ಉಪ್ಪು ಹಾಕಿ, ಆಮೇಲೆ ಮಣ್ಣು ಹಾಕಗೊಡದೆ ಅತ್ತೆನಂತೆ, ದೊಡ್ಡವ್ವ ನನ್ನನ್ನು ಎತ್ತಿಕೊಂಡೇ ಮನೆಗೆ ತಂದಳಂತೆ. ನನಗೆ ಇದರ ಒಂದು ಚೂರೂ ನೆನಪಿಲ್ಲ. ಆದರೆ ಈ ಬಗ್ಗೆ ಪರಸ್ಪರ ಮಾತಾಡಿಕೊಂಡಿರದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ್ದಾರೆ. ಬಸ್ಯಾನ ಮೈಮೇಲೆ ಮೊದಲ ಹಿಡಿ ಉಪ್ಪು ಹಾಕಿದವನು ನಾನೇ.