ಹಿಂದಕ್ಕೆ ತುಳಿಯುವ ಬ್ರೇಕು

ನನ್ನನ್ನು ಯಾರಾದರೂ ಪುಕ್ಕಲ ಎಂದರೆ ನನಗೆ ಸಿಟ್ಟು ಬರುತ್ತದೆ. ನನ್ನ ಸ್ವಂತ ವಿಷಯದಲ್ಲಿ ನಾನು ಸಾಕಷ್ಟು ಧೈರ್ಯವಂತನೇ. ಹಲ್ಲು ಕೀಳಿಸಿಕೊಳ್ಳಲು ಒಬ್ಬನೇ ಹೋಗುತ್ತೇನೆ. ವಿಮಾನ ಗಡಗಡ ನಡುಗಿದರೂ ಕೊಟ್ಟ ತಿಂಡಿಯನ್ನು ಪೂರ್ತಿ ತಿನ್ನುತ್ತೇನೆ. ನನ್ನ ತೊಂದರೆ ಬೇರೆಯದು, ನಾನು ಇನ್ನೊಬ್ಬರ ಪರವಾಗಿ ಹೆದರುವವನು. ನನ್ನ ಹೆಂಡತಿ ಶಾಲಿನಿಗೆ ಹೆದರಿಕೆ ಎಂದರೇನೆಂದೇ ಗೊತ್ತಿಲ್ಲ. ಹೀಗಾಗಿ ಅವಳ ಪಾಲಿನದೂ ನನ್ನ ತಲೆಗೇ ಬಂದಿದೆ. ಮದುವೆಯಾದ ಹೊಸದರಲ್ಲಿ ಪಾತ್ರೆ ಯಾರು, ಬಟ್ಟೆ ಯಾರು ಎಂದು ಕೂತು ಮಾತಾಡಿ ಹಂಚಿಕೊಂಡೆವು, ಇದೊಂದನ್ನು ಹಂಚಿಕೊಳ್ಳಲು ಮರೆತೆವು. ಅವಳು ಇಲ್ಲಿ ಸ್ವೀಡನ್ನಿನಲ್ಲಿ ಡ್ರೈವಿಂಗ್ ಪರೀಕ್ಷೆಗೆ ಹೋದ ದಿನ, ಪರೀಕ್ಷಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸುತ್ತಿದ್ದವಳಿಗೆ ಫೋನ್ ಮಾಡಿ ಸೀಟ್ ಬೆಲ್ಟ್ ಹಾಕಿಕೊಂಡೆಯಾ ಎಂದು ಕೇಳಿದವನು ನಾನು. ಆ ಸಲ ಅವಳು ಫೇಲಾದಳು. ಅದಕ್ಕೆ ಕಾರಣ ನನ್ನ ಫೋನು ಎಂದು ಅವಳ ವಾದ, ಅವಳ ಪಾರ್ಕಿಂಗು ಎಂದು ನನ್ನ ವಾದ. ಮೊಕದ್ದಮೆ ಇನ್ನೂ ಇತ್ಯರ್ಥವಾಗಿಲ್ಲ.

ಆಗ ನಾವು ರಾಜಧಾನಿಯ ಪಕ್ಕದ ಸೊಲ್ಲೆಂಟುನಾದಲ್ಲಿದ್ದೆವು. ಆರು ತಿಂಗಳು ಕತ್ತಲೆಯಲ್ಲಿ ಕಳೆದ ಸ್ವೀಡನ್ನಿನ ಜನ ವಸಂತ ಬಂತೆಂದರೆ ಬಿಸಿಲು ಹುಡುಕಿಕೊಂಡು ದಕ್ಷಿಣಕ್ಕೆ ಓಡುತ್ತಾರೆ. ಓಡಿದವರು ಸಮುದ್ರದ ದಂಡೆಯಲ್ಲಿ ತೆಪ್ಪಗೆ ಮಲಗಿದರೆ ಯಾರಿಗೂ ತೊಂದರೆಯಿಲ್ಲ. ಶಾಲಿನಿಯ ಆಫೀಸಿನವರು ಮಲಗುವ ಜಾತಿಯವರಲ್ಲ. ಅವರು ಸ್ಪೇನಿನ ಮಯೋರ್ಕಾ ಎಂಬ ದ್ವೀಪಕ್ಕೆ ಹೋಗಿ, ಅಲ್ಲಿ ಬಾಡಿಗೆಗೆ ರೇಸ್ ಸೈಕಲ್ ಹಿಡಿದು, ಒಂದು ಕಡೆ ಬೆಟ್ಟ ಇನ್ನೊಂದು ಕಡೆ ಸಮುದ್ರವಿರುವ ರಸ್ತೆಯಲ್ಲಿ ವಾರವಿಡೀ ಹತ್ತಿ ಇಳಿದು, ಕೆಂಪಗೆ ಸುಟ್ಟುಕೊಂಡು ವಾಪಸು ಬರುತ್ತಾರೆ. ಅದಕ್ಕೆ ರಜೆ ಎನ್ನುತ್ತಾರೆ. ಆ ವರ್ಷ ಫಿಕಾದ ಹೊತ್ತಿನಲ್ಲಿ, ಅಂದರೆ ಇಲ್ಲಿಯವರು ಕಾಫಿಯ ಜೊತೆ ಕೆಲಸವನ್ನು ಮರೆಯುವ ಹೊತ್ತಿನಲ್ಲಿ, ಯಾರೋ ಇವಳನ್ನು ಬರುತ್ತೀಯಾ ಎಂದು ಕೇಳಿದರಂತೆ. ಇವಳು ಬರುತ್ತೇನೆ ಎಂದಳಂತೆ. ಚಳಿಗಾಲ ಪೂರ್ತಿ ಜಿಮ್ಮಿನಲ್ಲಿ ನಿಂತಲ್ಲೇ ನಿಂತಿರುವ ಸೈಕಲ್ಲನ್ನು ತುಳಿದು ಕಾಲು ಗಟ್ಟಿ ಮಾಡಿಕೊಂಡಳು. ಆ ಸೈಕಲ್ಲಿನ ಬಗ್ಗೆ ನನಗೆ ಯಾವ ಆಕ್ಷೇಪವೂ ಇರಲಿಲ್ಲ. ಎಲ್ಲ ಸೈಕಲ್ಲುಗಳೂ ಹಾಗೇ ಇರಬೇಕೆಂಬುದು ನನ್ನ ಅಭಿಪ್ರಾಯ.

ಹೊರಡುವ ಹಿಂದಿನ ದಿನ ಚೀಲ ತುಂಬುತ್ತಾ ನನ್ನಿಂದ ಒಂದು ಮಾತು ತೆಗೆದುಕೊಂಡಳು. "ನೋಡಿ, ಫೋನ್ ಮಾಡಿ, ಬೇಡ ಅನ್ನಲ್ಲ. ಆದ್ರೆ ಹೆದರಿಸೋ ಹಾಗಿಲ್ಲ. ಜಾರತ್ತೆ, ಬೀಳ್ತೀಯ, ಹುಷಾರು, ಇದ್ಯಾವುದೂ ಬೇಡ. ಪ್ರಾಮಿಸ್?"

"ಪ್ರಾಮಿಸ್," ಎಂದೆ. ಹಾಗೆ ಅನ್ನುವಾಗ ಹೆದರಿಸಲು ನನ್ನ ಬಳಿ ಅಂಥ ವಿಶೇಷವೇನೂ ಇರಲಿಲ್ಲ. ಮಾಮೂಲಿ ಭಯಗಳು ಮಾತ್ರ ಇದ್ದವು.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ಶಾಲಿನಿಗೆ ಸೈಕಲ್ ಕಲಿಸಿದವನು ನಾನೇ. ಅವಳು ಉಡುಪಿಯವಳು. ಅವರ ಮನೆಯಿದ್ದದ್ದು ಇಳಿಜಾರಿನ ರಸ್ತೆಯಲ್ಲಿ. ಅವಳಣ್ಣ ಒಂದು ದಿನ ಸೈಕಲ್ಲಿನಲ್ಲಿ ಇಳಿದುಹೋದವನು ರಿಕ್ಷಾದಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಹತ್ತಿ ಬಂದನಂತೆ. ಮಾರನೆಯ ದಿನವೇ ಸೈಕಲ್ ಮಾರಿದರು, ಹೆಣ್ಣುಮಕ್ಕಳು ಕಲಿಯುವ ಪ್ರಶ್ನೆಯೇ ಏಳಲಿಲ್ಲ. ನಾನು ದಾವಣಗೆರೆಯವನು, ಉಬ್ಬೆಂದರೆ ಸ್ಪೀಡ್ ಬ್ರೇಕರ್ ಮಾತ್ರ ಗೊತ್ತಿದ್ದ ಸಪಾಟು ಬೀದಿಗಳಲ್ಲಿ ಅರ್ಧ ಪೆಡಲ್ ಹೊಡೆದು ಬೆಳೆದವನು. ಮದುವೆಯಾಗಿ ನಾವು ಮೊದಲು ಇಳಿದದ್ದು ಲಿಂಕೋಪಿಂಗ್‌ನಲ್ಲಿ. ಆ ಊರಿನಲ್ಲಿ ಸೈಕಲ್ ಬರುವುದಿಲ್ಲವೆಂದರೆ ನಡೆಯಲು ಬರುವುದಿಲ್ಲ ಎಂದ ಹಾಗೆ ಜನ ನೋಡುತ್ತಾರೆ. ಒಂದು ಹಳೆಯ ಸೈಕಲ್ ಕೊಂಡು, ಮನೆಯ ಹಿಂದಿನ ಬಯಲಿನಲ್ಲಿ, ಕ್ಯಾರಿಯರ್ ಹಿಡಿದು ಏದುಸಿರು ಬಿಡುತ್ತಾ ಅವಳ ಹಿಂದೆ ಓಡಿದೆ. "ಬಿಡಬೇಡ್ರೀ," ಎಂದು ಅವಳು ಕೂಗುವಳು. "ಹಿಡ್ಕೊಂಡಿದ್ದೀನಿ," ಎಂದು ನಾನು ಕೂಗುವೆ. ಒಂದು ಸಂಜೆ ನನ್ನ ದನಿ ಬಯಲಿನ ಆಚೆ ತುದಿಯಿಂದ ಬರುತ್ತಿರುವುದು ಅವಳಿಗೆ ಹೊಳೆದು, ತಿರುಗಿ ನೋಡಿ, ನೇರ ಪೊದೆಯೊಳಗೆ ಹೋದಳು. ಎರಡು ದಿನ ಮಾತು ಬಿಟ್ಟಳು. ಸೈಕಲ್ ಮಾತ್ರ ಬಂತು.

ಆ ಸೈಕಲ್ಲಿನ ವಿಶೇಷವೆಂದರೆ ಅದರ ಬ್ರೇಕು ಕಾಲಿನಲ್ಲಿತ್ತು. ಇಲ್ಲಿಯ ಸಾದಾ ಸೈಕಲ್ಲುಗಳೆಲ್ಲ ಹಾಗೆಯೇ, ನಿಲ್ಲಿಸಬೇಕೆಂದರೆ ಪೆಡಲನ್ನು ಹಿಂದಕ್ಕೆ ತುಳಿಯಬೇಕು. ಮೊದಮೊದಲು ನನ್ನ ಬೆರಳುಗಳು ಹ್ಯಾಂಡಲ್ಲಿನಲ್ಲಿ ಇಲ್ಲದ ಬ್ರೇಕನ್ನು ತಡಕಾಡುತ್ತಿದ್ದವು. ಆಮೇಲೆ ಕಾಲಿಗೇ ಬುದ್ಧಿ ಬಂತು. ಶಾಲಿನಿಗಂತೂ ತಡಕಾಡುವ ಕಷ್ಟವೇ ಇರಲಿಲ್ಲ. ಅವಳಿಗೆ ಗೊತ್ತಿದ್ದ ಬ್ರೇಕು ಅದೊಂದೇ. ಸೊಲ್ಲೆಂಟುನಾಕ್ಕೆ ಬಂದ ಮೇಲೂ ಸ್ಟೇಷನ್ನಿಗೆ ಹೋಗಿಬರುವುದು ಅಂಥದ್ದೇ ಸೈಕಲ್ಲಿನಲ್ಲಿ.

ಅವಳು ಹೋದ ಮರುದಿನ ಬೆಳಿಗ್ಗೆ ಮಗಳು ಮೇಘಾಳನ್ನು ಹಿಂದೆ ಕೂರಿಸಿಕೊಂಡು ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೊರಟಿದ್ದೆ. ತಿರುವಿನಲ್ಲಿ ಒಂದು ಲಾರಿ ಬಂತು. ನಾನು ಯೋಚಿಸಲಿಲ್ಲ, ಕಾಲೇ ಹಿಂದಕ್ಕೆ ತುಳಿಯಿತು, ಸೈಕಲ್ ನಿಂತಿತು. ಲಾರಿ ಹೋಯಿತು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ರೇಸ್ ಸೈಕಲ್ಲಿಗೆ ಕಾಲಿನ ಬ್ರೇಕಿಲ್ಲ. ಜಿಮ್ಮಿನ ಸೈಕಲ್ಲು ಹೋಗುವುದೇ ಇಲ್ಲ, ಅದನ್ನು ನಿಲ್ಲಿಸುವುದೇನು ಬಂತು. ಹಾಗಾದರೆ ನನ್ನ ಹೆಂಡತಿ ಜನ್ಮದಲ್ಲಿ ಒಮ್ಮೆಯೂ ಕೈಯಿಂದ ಬ್ರೇಕ್ ಹಿಡಿದವಳಲ್ಲ. ಬೆಟ್ಟದಿಂದ ಇಳಿಯುವಾಗ ಗಾಬರಿಯಾದರೆ ಅವಳ ಕಾಲೂ ಹಿಂದಕ್ಕೇ ತುಳಿಯುತ್ತದೆ. ಅಯ್ಯೋ ದೇವರೇ ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ.

"ಲುಂಗ್ನ್, ಪಪ್ಪಾ," ಎಂದಳು ಮೇಘಾ ಹಿಂದಿನಿಂದ. ಸಮಾಧಾನ ಎಂದು ಅದರ ಅರ್ಥ. ದಾಗಿಸ್‌ನಲ್ಲಿ ಅವರು ಅಳುವ ಮಕ್ಕಳಿಗೆ ಹಾಗೆ ಹೇಳುತ್ತಾರೆ.

ನನ್ನ ಆಫೀಸು ಸೋಲ್ನಾದಲ್ಲಿ. ಪಕ್ಕದ ಮೇಜಿನ ಗುನ್ನಾರ್ ಸೈಕಲ್ ಬಲ್ಲವನು. ಫಿಕಾದಲ್ಲಿ, ಯಾವುದೋ ಸಾಮಾನ್ಯ ಜ್ಞಾನದ ಪ್ರಶ್ನೆಯೆಂಬಂತೆ, ರೇಸ್ ಸೈಕಲ್ಲಿನಲ್ಲಿ ಹಿಂದಕ್ಕೆ ತುಳಿದರೆ ಏನಾಗುತ್ತದೆ ಎಂದು ಕೇಳಿದೆ. ಏನೂ ಆಗುವುದಿಲ್ಲ, ಪೆಡಲ್ ಸುಮ್ಮನೆ ತಿರುಗುತ್ತದೆ ಎಂದ. ಸೈಕಲ್? ಸೈಕಲ್ ಮುಂದಕ್ಕೆ ಹೋಗುತ್ತದೆ. ಆಮೇಲೆ? ಗುನ್ನಾರ್ ಬನ್ನನ್ನು ಅಗಿದು ಮುಗಿಸಿ, ಆಮೇಲೆಯೂ ಮುಂದಕ್ಕೇ ಹೋಗುತ್ತದೆ ಎಂದ. ನನ್ನ ಆಸಕ್ತಿ ಕಂಡು ಸಂತೋಷಪಟ್ಟು, ತಾನು ಹಿಂದೆ ಅದೇ ದ್ವೀಪಕ್ಕೆ ಹೋದಾಗ ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೋರಿಸಿದ. ಬಂಡೆಯ ಮೈಗೆ ಅಂಟಿಕೊಂಡು ಸುತ್ತಿ ಸುತ್ತಿ ಇಳಿಯುವ ರಸ್ತೆ, ಅಂಚಿಗೆ ಮೊಣಕಾಲೆತ್ತರದ ಕಲ್ಲಿನ ಗೋಡೆ, ಗೋಡೆಯಾಚೆ ಬಹಳ ಕೆಳಗೆ ನೀಲಿ ಸಮುದ್ರ. ಎಷ್ಟು ಚೆಂದ ಅಲ್ಲವೇ ಎಂದ. ಚೆಂದ ಎಂದೆ. ನನ್ನ ಕಣ್ಣೆಲ್ಲ ಆ ಗೋಡೆಯ ಮೇಲಿತ್ತು. ನಮ್ಮೂರಿನಲ್ಲಿ ಕೋಳಿ ಹಾರಿ ಹೋಗಬಾರದೆಂದು ಕಟ್ಟುವ ಗೋಡೆಯೂ ಅದಕ್ಕಿಂತ ಎತ್ತರವಿರುತ್ತದೆ.

ಈಗ ಮಾಡುವುದೇನು? ಫೋನ್ ಮಾಡಿ ಹೇಳಿದರೆ ಕೊಟ್ಟ ಮಾತು ಮುರಿಯಿತು. ಅದು ಹೋಗಲಿ, ನಾನೇನು ಹರಿಶ್ಚಂದ್ರನ ವಂಶದವನಲ್ಲ. ಆದರೆ ಹೇಳಿದ ಮೇಲೆ ಅವಳು ಇಳಿಜಾರಿನಲ್ಲಿ ಅದನ್ನೇ ನೆನೆದು, ಕೈಯೋ ಕಾಲೋ ಎಂದು ಬಗ್ಗಿ ಕಾಲು ನೋಡಿಕೊಂಡು, ನೋಡಿಕೊಂಡದ್ದರಿಂದಲೇ ಬಿದ್ದರೆ? ಹೇಳದಿದ್ದರೆ ಗೋಡೆ, ಹೇಳಿದರೂ ಗೋಡೆ. ಈ ಲೆಕ್ಕಾಚಾರದಲ್ಲಿದ್ದಾಗ ಉಡುಪಿಯಿಂದ ಅತ್ತೆಯ ಫೋನು ಬಂತು. ಶಾಲಿನಿ ಆಫೀಸಿನ ಕೆಲಸದ ಮೇಲೆ ಹೋಗಿದ್ದಾಳೆಂದು ನಾನು ಹೇಳುತ್ತಿದ್ದಂತೆ ಮೇಘಾ ರಿಸೀವರ್ ಕಸಿದುಕೊಂಡು, ಅಮ್ಮ ಬೆಟ್ಟದ ಮೇಲೆ ಸೈಕಲ್ ಹೊಡೆಯುತ್ತಿದ್ದಾಳೆಂದು, ಎಂದೂ ಕನ್ನಡದಲ್ಲಿ ಉತ್ತರಿಸದವಳು ಅಂದು ಶುದ್ಧ ಕನ್ನಡದಲ್ಲಿ ವರದಿ ಒಪ್ಪಿಸಿದಳು. ರಿಸೀವರ್ ನನ್ನ ಕೈಗೆ ವಾಪಸು ಬರುವಷ್ಟರಲ್ಲಿ ಅತ್ತೆಗೆ ಎಲ್ಲ ತಿಳಿದುಹೋಗಿತ್ತು.

"ಎಂತ ಮಾರಾಯ್ರೆ," ಎಂದರು. "ಅವಳಿಗೆ ಸೈಕಲ್ ಕಲಿಸಿದ್ದು ನೀವೇ ಅಲ್ವಾ?"

ಆ ರಾತ್ರಿಯ ಊಟ ನನಗೆ ಸೇರಲಿಲ್ಲ. ನಿಜವಾಗಿ ಹೇಳುತ್ತೇನೆ, ತಮಾಷೆಯೆಲ್ಲ ಆಮೇಲಿನದು. ಆಗ ನನಗೆ ಅಳು ಬರುವಷ್ಟು ಭಯವಾಗಿತ್ತು. ಅವಳಿಗೇನಾದರೂ ಆದರೆ ಅದು ನಾನು ಕಲಿಸಿದ ಕಾಲಿನಿಂದಲೇ ಆಗುವುದು. ಕೊನೆಗೆ ಮಾತೂ ಮುರಿಯಬಾರದು, ವಿಷಯವೂ ಮುಟ್ಟಬೇಕು ಎಂದು ಬಹಳ ಯೋಚಿಸಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಒಂದು ಮೆಸೇಜು ಕಳಿಸಿದೆ. "ಕೈ ಕಡೆ ಗಮನ ಇರಲಿ. ಕಾಲಿಗೆ ಜಾಸ್ತಿ ಕೆಲಸ ಕೊಡಬೇಡ." ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಕೆಲಸ ಎಲ್ಲ ಕಾಲಿಗೇ ಇರೋದು. ಇದು ಸೈಕಲ್. ನಾಳೆ ದೊಡ್ಡ ಇಳಿಜಾರು. ಗುಡ್ ನೈಟ್."

ಆ ನಾಳೆಯನ್ನು ನಾನು ಹೇಗೆ ಕಳೆದೆನೋ ತಿಳಿಯದು. ಮೀಟಿಂಗಿನಲ್ಲಿ ಯಾರೋ ಏನೋ ಕೇಳಿದರೆ ನಿಧಾನ, ನಿಧಾನ ಎಂದೆನಂತೆ. ಕೆಲಸದ ಗಡುವಿನ ಬಗ್ಗೆ ನನ್ನ ಅಭಿಪ್ರಾಯ ಅದೆಂದು ಅವರು ತಿಳಿದರು, ಸ್ವೀಡನ್ನಾದ್ದರಿಂದ ಒಪ್ಪಿಯೂ ಬಿಟ್ಟರು. ಅವಳ ಫೋನಿಗೆ ಕರೆ ಮಾಡಿದಾಗಲೆಲ್ಲ ಒಬ್ಬ ಹೆಂಗಸು ಸ್ವೀಡಿಷ್‌ನಲ್ಲಿ, ನೀವು ಕರೆದವರು ಈಗ ಸಿಗುವುದಿಲ್ಲ ಎನ್ನುತ್ತಿದ್ದಳು. ಈಗ ಎಂದರೆ ಎಷ್ಟು ಹೊತ್ತು ಎಂದು ಅವಳು ಹೇಳಬಾರದೇ? ಸಂಜೆ ಮೇಘಾಳಿಗೆ ಅನ್ನ ಕಲಸುತ್ತಿದ್ದಾಗ ಫೋನು ಹೊಡೆದುಕೊಂಡಿತು.

"ಇಳಿದೆ ರೀ," ಎಂದಳು ಶಾಲಿನಿ. "ಏನ್ ರಸ್ತೆ ಗೊತ್ತಾ, ಸಮುದ್ರ ಕಾಲಡೀಲೇ ಇರೋ ಹಾಗೆ."

ನಾನು ಮೊಸರನ್ನದ ಕೈಯಲ್ಲೇ ಕುರ್ಚಿಯ ಮೇಲೆ ಕೂತೆ. ದನಿ ಸರಿಮಾಡಿಕೊಂಡು, "ಬ್ರೇಕು?" ಎಂದೆ.

"ಅಯ್ಯೋ, ಅದಾ? ಮೊದಲನೇ ದಿನವೇ ಹೋಟೆಲ್ ಮುಂದೆ ಕಾಲು ಹಿಂದಕ್ಕೆ ತುಳಿದು ಸೀದಾ ಹೋಗಿ ಹೂವಿನ ಕುಂಡಕ್ಕೆ ಗುದ್ದಿದೆ. ಆಮೇಲೆ ಅಲ್ಲೇ ಅಂಗಳದಲ್ಲಿ ಸಂಜೆವರೆಗೂ ಕೈ ಬ್ರೇಕ್ ಪ್ರಾಕ್ಟೀಸ್ ಮಾಡ್ಸಿದ್ರು. ನಿಮ್ಗೆ ಹೇಳಿದ್ರೆ ಹೆದರ್ತೀರಾ ಅಂತ ಹೇಳ್ಲಿಲ್ಲ."

"ನಂಗೆ ಗೊತ್ತಿತ್ತು," ಎಂದೆ. ಅದೊಂದು ಮಾತು ಆಡಬಾರದಿತ್ತು.

"ಏನ್ ಗೊತ್ತಿತ್ತು?"

"ಕಾಲಿನ ಬ್ರೇಕ್ ಇರಲ್ಲ ಅಂತ. ನೀನು ಹೋದ ಮಾರನೇ ದಿನ ಹೊಳೀತು."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಹೆದರಿಸಬೇಡಿ ಅಂದಿದ್ದೆಯಲ್ಲ."

"ಇದು ಹೆದರಿಸೋದಾ ರೀ? ಬೇಡದ್ದೆಲ್ಲ ಹೇಳ್ತೀರಾ, ಹೇಳಬೇಕಾದ್ದು ಒಂದಿದ್ರೆ ಅದಕ್ಕೆ ಪ್ರಾಮಿಸ್ ಅಡ್ಡ ಬರತ್ತೆ." ಡ್ರೈವಿಂಗ್ ಪರೀಕ್ಷೆಯ ಹಳೆಯ ಮೊಕದ್ದಮೆಯ ಜೊತೆಗೆ ಇದೂ ಸೇರಿಕೊಂಡಿತು.

ಮನೆಗೆ ಮರಳಿದವಳು ಸುಮ್ಮನೆ ಕೂರಲಿಲ್ಲ. ಬೇಸಿಗೆಗೆ ಹಳೆಯದೊಂದು ರೇಸ್ ಸೈಕಲ್ ಕೊಂಡು ತಂದಳು. ಒಂದು ಭಾನುವಾರ, ಅಷ್ಟು ಹೆದರಿದ ವಸ್ತುವನ್ನು ಒಮ್ಮೆ ನೋಡಿಯೇ ಬಿಡೋಣವೆಂದು, ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ನಾನೂ ಹತ್ತಿದೆ. ಇಳಿಜಾರೂ ಇಲ್ಲ, ಸಮುದ್ರವೂ ಇಲ್ಲ. ಎದುರಿಗೆ ನೆರೆಯವರ ಗಿಡದ ಬೇಲಿ ಬಂತು. ಕೈಯಲ್ಲಿ ಹಿಡಿಯಬೇಕೆಂದು ಆಗ ಎರಡು ದಿನ ಜಪ ಮಾಡಿದವನು ನಾನೇ ತಾನೆ? ನನ್ನ ಕಾಲು ಹಿಂದಕ್ಕೆ ತುಳಿಯಿತು. ಪೆಡಲ್ ಸುಮ್ಮನೆ ತಿರುಗಿತು. ಗುನ್ನಾರ್ ಹೇಳಿದ ಹಾಗೆಯೇ, ಆಮೇಲೆಯೂ ಮುಂದಕ್ಕೇ ಹೋದೆ. "ಬ್ರೊಮ್ಸಾ, ಪಪ್ಪಾ," ಬ್ರೇಕ್ ಹಾಕು ಎಂದು ಮೇಘಾ ಕೂಗಿದ್ದು ನಾನು ಬೇಲಿಯೊಳಗೆ ಸೇರಿದ ಮೇಲೆ ಕೇಳಿಸಿತು.

ಶಾಲಿನಿ ನನ್ನನ್ನು ಎಬ್ಬಿಸಿ, ಎಲೆ ಕೊಡವಿ, ಮತ್ತೆ ಹತ್ತಿಸಿದಳು. ಸೀಟು ಹಿಡಿದು ಹಿಂದಿನಿಂದ ಓಡಿಬಂದಳು. ಇಷ್ಟು ವರ್ಷ ಅವಳ ಪರವಾಗಿ ಹೆದರಿದವನಿಗೆ ಅಂದು ಮೊದಲ ಸಲ ನನಗಾಗಿಯೇ ಹೆದರಿಕೆಯಾಯಿತು.

"ಬಿಡಬೇಡ," ಎಂದೆ.

"ಹಿಡ್ಕೊಂಡಿದ್ದೀನಿ ರೀ, ಮುಂದೆ ನೋಡಿ," ಎಂಬ ದನಿ ಬಂತು. ಬಂದದ್ದು ಪಾರ್ಕಿಂಗಿನ ಆಚೆ ತುದಿಯಿಂದ, ಕಸದ ಡಬ್ಬಗಳಿರುವ ಕಡೆಯಿಂದ. ನಾನು ತಿರುಗಿ ನೋಡಲಿಲ್ಲ. ತಿರುಗಿ ನೋಡಿದರೆ ಏನಾಗುತ್ತದೆಂದು ಈ ವಿದ್ಯೆ ಕಲಿಸಿದವನಿಗೇ ಗೊತ್ತು. ಸರಿ, ಬಿಡಬೇಡ ಎಂದು ಇನ್ನೊಮ್ಮೆ ಕೂಗಿ, ನಂಬಿದವನ ಹಾಗೆ ತುಳಿಯುತ್ತಾ ಹೋದೆ.