ಔಷಧಿ ಸೋಫಾ

ಸೋಫಾ ಸಾಹೇಬರ ಸೊಂಟ ಹಿಡಿದುಕೊಂಡದ್ದು ಯಾವ ಮಹತ್ಕಾರ್ಯದ ನಡುವೆಯೂ ಅಲ್ಲ, ನೆಲಕ್ಕೆ ಬಿದ್ದ ಟಿ.ವಿ. ರಿಮೋಟ್ ಎತ್ತಿಕೊಳ್ಳಲು ಬಗ್ಗಿದಾಗ. ಬಗ್ಗಿದವರು ಬಗ್ಗಿದಂತೆಯೇ ಉಳಿದರು. ಆಗಲೇ ಬಂದ ಪಕ್ಕದ ಮನೆಯವರು, "ಏನು ಕಳ್ಕೊಂಡ್ರಿ? ನಾನೂ ಹುಡುಕ್ಲಾ?" ಎಂದು ಕೇಳಿ ಉಳಿದಿದ್ದ ಮಾನವನ್ನೂ ಕಳೆದರು.

ಸಾಹೇಬರೆಂಬುದು ಓಣಿಯವರು ಕೊಟ್ಟ ಬಿರುದು. ಅವರು ಸೋಫಾ ಅಂಗಡಿಯಲ್ಲಿ ಮಾರಾಟಗಾರರು. ದಿನವಿಡೀ ಸೋಫಾಗಳ ಮೇಲೆ ಕೂತು, "ನೋಡಿ, ಹೇಗೆ ಮುಳುಗ್ತೀನಿ!" ಎಂದು ಗಿರಾಕಿಗಳಿಗೆ ತೋರಿಸುವುದೇ ಉದ್ಯೋಗ. ಸಂಜೆ ಮನೆಗೆ ಬಂದರೆ, ಅಂಗಡಿಯಿಂದಲೇ ತಂದ ಇನ್ನೊಂದು ಸೋಫಾದಲ್ಲಿ ಮತ್ತೆ ಮುಳುಗಡೆ. ಅದು ನಡುಮನೆಯ ಕಿಟಕಿಯನ್ನೇ ನುಂಗಿ ಕೂತಿತ್ತು. ಬಟ್ಟೆ ಹೊಲಿಯುವ ಹೆಂಡತಿಗೋ ಆ ಕಿಟಕಿಯ ಬೆಳಕು ಬೇಕು. ಅಡುಗೆಮನೆಯ ಮೂಲೆಯಲ್ಲಿ ಕರಿ ದಾರ ಯಾವುದು, ನೀಲಿ ದಾರ ಯಾವುದು ಎಂದು ತಿಳಿಯದೆ ಪರದಾಡಿ ಆಕೆಗೆ ಸಾಕಾಗಿ ಹೋಗಿತ್ತು.

"ನಡುಮನೇಲಿ ಒಂದೋ ಸೋಫಾ ಇರ್ಬೇಕು, ಇಲ್ಲಾ ನನ್ನ ಮಷೀನು. ನಿರ್ಧಾರ ಮಾಡಿ," ಎಂದು ಆಕೆ ಗಡುವು ಕೊಟ್ಟಿದ್ದ ಹೊತ್ತಿಗೇ ಈ ಸೊಂಟ ಪ್ರಕರಣ.

ಫಿಸಿಯೋಥೆರಪಿ ಮೇಡಂ ಸಾಹೇಬರ ಬೆನ್ನನ್ನು ಅಲ್ಲಲ್ಲಿ ಒತ್ತಿ, "ಮನೇಲಿ ಎಲ್ಲಿ ಕೂರ್ತೀರಿ?" ಎಂದರು. ಸಾಹೇಬರು ಸೋಫಾದ ಮೆತ್ತೆ, ಆಳ, ಅಗಲಗಳನ್ನೆಲ್ಲ ಗಿರಾಕಿಗೆ ಹೇಳುವಂತೆ ಹೇಳಿದರು (ಬಣ್ಣಗಳನ್ನೂ ಬಿಡಲಿಲ್ಲ).

"ಅದೇ ನಿಮ್ಮ ಕಾಯಿಲೆ," ಎಂದರು ಮೇಡಂ. "ಇನ್ಮೇಲೆ ಅದರ ಮೇಲೆ ಕೂರೋ ಹಾಗಿಲ್ಲ. ಗಟ್ಟಿ ಕುರ್ಚಿ, ಆಗಾಗ ಓಡಾಟ. ನೆಲದ ಮೇಲೆ ಚಾಪೆ ಹಾಸಿ ವ್ಯಾಯಾಮ ಮಾಡಿ. ಸರಿಯಾಗಿ ಮಾಡ್ತಿದ್ದೀರಾ ಅಂತ ನೋಡ್ಬೇಕು, ವಿಡಿಯೋ ಕಳಿಸಿ."

ಮನೆಗೆ ಬರುವ ದಾರಿಯುದ್ದಕ್ಕೂ ಸಾಹೇಬರು ಯೋಚಿಸಿದರು.

"ಏನಂದ್ರು?" ಬಾಗಿಲಲ್ಲೇ ಹೆಂಡತಿಯ ಪ್ರಶ್ನೆ.

"ಮೆತ್ತಗಿರೋ ಕಡೆನೇ ಕೂರ್ಬೇಕಂತೆ. ವ್ಯಾಯಾಮಾನೂ ಅದರ ಮೇಲೇ ಮಾಡ್ಬೇಕಂತೆ. ಸೋಫಾನೇ ಔಷಧಿ ಅಂದ್ಬಿಟ್ರು ಕಣೇ!"

ಆಕೆಯ ಮುಖ ಬಾಡಿತು. ಆದರೂ ಗಂಡನ ಸೊಂಟ ನೋಡಿ, ಗಡುವಿನ ಮಾತೆತ್ತದೆ ಮೂಲೆಗೆ ಹೋಗಿ ಹೊಲಿಯಲು ಕೂತಳು. ಸಾಹೇಬರಿಗೆ ಎಲ್ಲೋ ಚುಳುಕ್ ಎಂದಿತು, ಸೊಂಟಕ್ಕಿಂತ ಸ್ವಲ್ಪ ಮೇಲೆ. ಸೋಫಾದಲ್ಲಿ ಕೂತ ಮೇಲೆ ಆ ನೋವೂ ಮುಳುಗಿಹೋಯಿತು.

ಮರುದಿನ ಅವರು ಸೋಫಾದ ಮೇಲೆ ಮಲಗಿ, ಮೊಣಕಾಲನ್ನು ಎದೆಗೆಳೆದುಕೊಂಡು, "ಅಮ್ಮಾ, ಅಪ್ಪಾ" ಎನ್ನುತ್ತಾ ವ್ಯಾಯಾಮ ಮಾಡಿದರು. ಹೆಂಡತಿ ಭಕ್ತಿಯಿಂದ ವಿಡಿಯೋ ಮಾಡಿದಳು.

"ನಾನೇ ಕಳಿಸ್ತೀನಿ ಬಿಡು," ಎಂದು ಸಾಹೇಬರು ಸ್ನಾನಕ್ಕೆ ಹೋದರು. ಪಾಪ, ಗಂಡನಿಗೆ ಯಾಕೆ ತೊಂದರೆ ಎಂದು ಆಕೆಯೇ ಕಳಿಸಿಬಿಟ್ಟಳು. ಸಾಹೇಬರು ತಲೆ ಒರೆಸಿಕೊಳ್ಳುತ್ತಾ ಹೊರಬರುವಷ್ಟರಲ್ಲಿ ಮೇಡಂ ಫೋನ್ ಮಾಡಿ, ಹೇಳುವುದನ್ನೆಲ್ಲ ಹೇಳಿ ಆಗಿತ್ತು. ಹೆಂಡತಿ ಏನೋ ಹಾಡು ಗುನುಗುತ್ತಿದ್ದಳು. ಅಷ್ಟು ಇಂಪಾಗಿ ಹಾಡಿದಾಗಲೇ ಅವರು ಎಚ್ಚೆತ್ತುಕೊಳ್ಳಬೇಕಿತ್ತು.

ಆ ಸಂಜೆ ಅಂಗಡಿಯಿಂದ ಬಂದರೆ ಸೋಫಾ ಮಾಯ! ಕಿಟಕಿಯ ಪಕ್ಕ ಮಷೀನು, ಮಷೀನಿನ ಹಿಂದೆ ಹೆಂಡತಿ.

"ಸೋ... ಸೋಫಾ ಎಲ್ಲೇ?"

"ಕ್ಲಿನಿಕ್‌ಗೆ ಕೊಟ್ಬಿಟ್ಟೆ ಕಣ್ರೀ. ಅಷ್ಟೊಳ್ಳೇ ಔಷಧೀನ ನಾವೊಬ್ರೇ ಇಟ್ಕೊಂಡ್ರೆ ಪಾಪ ಬರಲ್ವಾ?"

ಸಾಹೇಬರು ಬಾಯಿ ತೆರೆದರು. ಯಾವ ಮಾತು ಆಡಿದರೂ ತಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆಂದು ಹೊಳೆದು ಮುಚ್ಚಿಕೊಂಡರು. ಗಟ್ಟಿ ಕುರ್ಚಿ ಅವರಿಗಾಗಿ ಕಾಯುತ್ತಿತ್ತು.

ಕುರ್ಚಿ, ಚಾಪೆಗಳಲ್ಲೇ ಒಂದು ತಿಂಗಳು ಕಳೆದ ಮೇಲೆ, ಮುಂದಿನ ಸಲ ಕ್ಲಿನಿಕ್‌ಗೆ ಹೆಂಡತಿಯೂ ಜೊತೆಗೆ ಹೊರಟಳು. ಒಳಗೆ ಕಾಲಿಟ್ಟರೆ, ಎದುರಿಗೇ ಅವರ ಸೋಫಾ! ಸಾಹೇಬರ ಕಣ್ಣು ತುಂಬಿ ಬಂತು. ಓಡಿಹೋಗಿ ಇನ್ನೇನು ಕೂರಬೇಕು, ಮೇಡಂ ಕೂಗಿದರು:

"ರೀ, ಕೂರ್ಬೇಡಿ! ಅದು ರೋಗಿಗಳಿಗಲ್ಲ, ಜೊತೆಗೆ ಬಂದವರಿಗೆ!"

ಹೆಂಡತಿ ಗಂಭೀರವಾಗಿ ಹೋಗಿ ಕೂತಳು, ಕೂತು ಮುಳುಗಿದಳು. ಸಾಹೇಬರು ಒಳಕೋಣೆಯ ಚಾಪೆಯ ಮೇಲೆ ಕಾಲೆತ್ತಿ ಇಳಿಸುತ್ತಾ, ತೆರೆದ ಬಾಗಿಲಿನಿಂದ ಆಕೆಯನ್ನೇ ನೋಡಿದರು. ಕೊನೆಗೆ ಮೇಡಂ, "ಭೇಷ್! ಸೊಂಟ ವಾಸಿಯಾಗಿದೆ. ಇನ್ನು ನೀವು ಬರೋದೇ ಬೇಡ," ಎಂದರು. ಸಾಹೇಬರಿಗೆ ಹೋದ ಜೀವ ಬಂದಂತಾಯಿತು.

ಹೊರಗಿನ ಸೋಫಾದ ಆಳದಿಂದ, ಕಣ್ಣು ಬಿಡದೆಯೇ ಹೆಂಡತಿ ಹೇಳಿದಳು:

"ಅವಸರ ಬೇಡ ಮೇಡಂ. ಇನ್ನೊಂದು ತಿಂಗಳು ದಿನಾ ಕರ್ಕೊಂಡು ಬರ್ತೀನಿ."